ದಾನೇಶ್ವರಿಯವರ ಮಾದರಿ ಕಪಾಟು

ಕುಷ್ಟಗಿಯ ಕಡತ ಸಮನ್ವಯ ಉಪವಿಭಾಗ ಕಚೇರಿಯಲ್ಲಿ ಹನ್ನೊಂದು ಜನ ಸಿಬ್ಬಂದಿ ಇದ್ದು, ಅವರ ಪೈಕಿ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಹಾಜರಾಗುವವರು ದ್ವಿತೀಯ ದರ್ಜೆ ಸಹಾಯಕಿ ದಾನೇಶ್ವರಿ ಒಬ್ಬರೇ ಎಂಬುದು ದಾಖಲೆಗಳಿಂದ ದೃಢಪಟ್ಟಿರುತ್ತದೆ. ಉಳಿದ ಹತ್ತು ಜನರ ಸೌಹಾರ್ದಕ್ಕೆ ಇದರಿಂದ ಧಕ್ಕೆ ಬಂದ ಕಾರಣ, ಕಚೇರಿಯ ಮುಖ್ಯಸ್ಥರಾದ ಓಬಳೆಪ್ಪನವರು ಆಕೆಯನ್ನು ಕರೆದು ವಿವರಣೆ ಕೇಳಿದರು.

“ಹೋದ ಐತವಾರ ಕಪಾಟ ಜೋಡ್ಸೇನ್ರಿ ಸರ್,” ಎಂದರು ದಾನೇಶ್ವರಿ. “ಒಂದೊಂದು ಖಾನ್ಯಾಗ ಒಂದೊಂದು ದಿನದ ಅರಬಿ ಇಟ್ಟೇನ್ರಿ. ನಂದೂ ಐತಿ, ನಮ್ಮ ಮನಿಯವರದೂ ಐತಿ. ಮುಂಜಾನೆ ಎದ್ದು ಹುಡುಕೋದು ತಪ್ಪೇತ್ರಿ.”

“ಅಷ್ಟ?”

“ಅಷ್ಟ ರೀ.”

ಇಷ್ಟು ಸುಲಭವಾದ ಕೆಲಸ ಸರಕಾರದ ಗಮನಕ್ಕೆ ಬಾರದೆ ನಡೆದುಹೋಗಿದ್ದು ಓಬಳೆಪ್ಪನವರಿಗೆ ಸರಿ ಕಾಣಲಿಲ್ಲ. ಅವರು ಕೊಪ್ಪಳಕ್ಕೆ ಪ್ರಸ್ತಾವನೆ ಕಳಿಸಿದರು. ಹದಿನೈದು ದಿನಗಳಲ್ಲಿ ‘ಸುಗಮ ಮುಂಜಾನೆ ಅಭಿಯಾನ’ ಜಾರಿಗೆ ಬಂತು. ಸುತ್ತೋಲೆಯ ಪ್ರಕಾರ, ಕಪಾಟು ಎಂದರೆ ಬಾಗಿಲುಳ್ಳ, ಬಟ್ಟೆಯುಳ್ಳ ಮತ್ತು ಅನುಮೋದನೆಯುಳ್ಳ ಯಾವುದೇ ವಸ್ತು. ಪ್ರತಿಯೊಬ್ಬ ನೌಕರನೂ ದಿನಾಲು ಬೆಳಿಗ್ಗೆ ಜೋಡಿಸಿದ ಕಪಾಟಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಮೂರು ಪ್ರತಿಗಳಲ್ಲಿ ಸಲ್ಲಿಸಬೇಕು. ಝೆರಾಕ್ಸ್ ಅಂಗಡಿ ಹತ್ತೂವರೆಗೆ ತೆರೆಯುತ್ತಿದ್ದುದರಿಂದ ಎಲ್ಲರೂ ಹನ್ನೊಂದಕ್ಕೆ ಬರತೊಡಗಿದರು. ದಾನೇಶ್ವರಿಯವರೂ ಹನ್ನೊಂದಕ್ಕೇ ಬಂದರು. ಸೌಹಾರ್ದ ಮರುಸ್ಥಾಪನೆಯಾಯಿತು.

ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಜವಾನ ಯಂಕೋಬ ಒಂದು ತೊಡಕನ್ನು ಗಮನಕ್ಕೆ ತಂದ. “ನಮ್ಮನ್ಯಾಗ ಕಪಾಟಿಲ್ರಿ ಸಾಹೇಬ್ರ. ಗ್ವಾಡಿಗೆ ಮೂರು ಮೊಳಿ ಹೊಡದೀವ್ರಿ.”

ಸ್ಥಳ ಪರಿಶೀಲನೆಯಾಗಿ, ಸದರಿ ಮೂರು ಮೊಳೆಗಳನ್ನು ‘ಬಾಗಿಲುರಹಿತ ಕಪಾಟು’ ಎಂದು ಪ್ರಮಾಣೀಕರಿಸಲಾಯಿತು.

ಅಭಿಯಾನಕ್ಕೆ ಹ್ಯಾಂಗರುಗಳ ಅಗತ್ಯ ಬಿತ್ತು. ಟೆಂಡರಿನಲ್ಲಿ ಓಬಳೆಪ್ಪನವರ ಷಡ್ಡಕರು ಒಬ್ಬರೇ ಭಾಗವಹಿಸಿ, ತೀವ್ರ ಸ್ಪರ್ಧೆಯ ನಡುವೆ ಗೆದ್ದರು. ಬಂದ ಹ್ಯಾಂಗರುಗಳಿಗೆ ಕೊಕ್ಕೆ ಇರಲಿಲ್ಲ. ಕೊಕ್ಕೆ ಬೇರೆ ಟೆಂಡರಿನಲ್ಲಿತ್ತು. ಅದರಲ್ಲಿಯೂ ಅವರೇ ಗೆದ್ದರು.

ನಂತರ ದಾನೇಶ್ವರಿಯವರ ಕಪಾಟನ್ನು ‘ಮಾದರಿ ಕಪಾಟು’ ಎಂದು ಘೋಷಿಸಲಾಯಿತು. ಒಳಗಿನ ಪ್ರತಿಯೊಂದು ಬಟ್ಟೆಗೂ ಸಂಖ್ಯೆ ಹಚ್ಚಿ, ಬಾಗಿಲಿಗೆ ಅರಗಿನ ಮೊಹರು ಒತ್ತಲಾಯಿತು. ದಿನಾಲು ಏಳು ಗಂಟೆಗೆ ಯಂಕೋಬ ಬಂದು ಮೊಹರು ಒಡೆಯುತ್ತಿದ್ದ. ಯಲಬುರ್ಗಾದಿಂದ, ಗಂಗಾವತಿಯಿಂದ ಬಂದ ನೌಕರರು ಚಪ್ಪಲಿ ಹೊರಗೆ ಬಿಟ್ಟು, ಮಲಗುವ ಕೋಣೆಯಲ್ಲಿ ಸಾಲಾಗಿ ನಿಂತು ನೋಡಿ, ಚಹಾ ಕುಡಿದು ಹೋಗುತ್ತಿದ್ದರು. ಒಳಗಿನ ಬಟ್ಟೆ ಮುಟ್ಟುವಂತಿರಲಿಲ್ಲ. ದಾನೇಶ್ವರಿ ಮೈಮೇಲಿನ ಸೀರೆ ತೊಳೆದುಹಾಕಿದ ದಿನ ಬಾಜೂ ಮನೆಯ ಲಾಲಬೀ ಕೊಟ್ಟ ಸೀರೆ ಉಡುತ್ತಿದ್ದರು. ಬೀಜದ ಅಂಗಡಿ ನಡೆಸುವ ಗಂಡ ಗುರುಬಸವ, ಕಂಪನಿಯವರು ಪುಕ್ಕಟೆ ಕೊಟ್ಟ, ಬೆನ್ನ ಮೇಲೆ ಮೆಕ್ಕೆಜೋಳದ ಚಿತ್ರವಿದ್ದ ಬನಿಯನ್ನಿನಲ್ಲೇ ತಿಂಗಳು ಕಳೆದ.

“ಆರಿಸೋದು ತಪ್ಪೇತಿ, ಛಲೋನ ಆತು,” ಎಂದ. ಈ ಮಾತನ್ನು ಯಂಕೋಬ ‘ಫಲಾನುಭವಿಯ ಅಭಿಪ್ರಾಯ’ ಎಂದು ಬರೆದುಕೊಂಡ.

ಹೀಗಿರುವಾಗ ಹನುಮಸಾಗರದಲ್ಲಿ ದಾನೇಶ್ವರಿಯವರ ಅಕ್ಕನ ಮಗಳು ದೀಪಿಕಾಳ ಕುಬುಸ ಬಂತು. ಚೊಚ್ಚಲ ಬಸಿರು. ಅವ್ವ ತೀರಿಕೊಳ್ಳುವ ಮುಂಚೆ ಕೊಟ್ಟಿದ್ದ ಹಸಿರು ಇಳಕಲ್ ಸೀರೆ ಉಟ್ಟೇ ಉಡಿ ತುಂಬಬೇಕೆಂದು ದಾನೇಶ್ವರಿಗೆ ಆಸೆ. ಅರ್ಜಿ ಬರೆದು ಓಬಳೆಪ್ಪನವರ ಮುಂದಿಟ್ಟರು.

“ಅವ್ವ ಕೊಟ್ಟ ಸೀರಿ ರೀ ಸರ್. ಒಂದು ದಿನದ ಮಟ್ಟಿಗೆ ಕೊಡ್ರಿ.”

“ಅವ್ವ ಕೊಟ್ಟಿದ್ದು ಖರೇ ಮೇಡಂ. ಈಗ ಅದು ಪ್ರದರ್ಶನ ಸಂಖ್ಯೆ ಹದಿನಾಲ್ಕು ಆಗೇತಿ. ಖಾನಿ ಖಾಲಿ ಕಂಡ್ರ ನಾ ಏನು ಉತ್ತರ ಕೊಡ್ಲಿ?”

ದಾನೇಶ್ವರಿಯವರ ಕಣ್ಣು ತುಂಬಿ ಬಂದಿದ್ದವು. ಕಡತದ ಮೇಲೆ ನೀರು ಬಿದ್ದರೆ ಶಾಯಿ ಅಳಿಸುವ ಸಂಭವವಿದ್ದುದರಿಂದ ಓಬಳೆಪ್ಪನವರು ತಕ್ಷಣ ಮಂಜೂರಾತಿ ನೀಡಿದರು: ಬುಧವಾರ ಹನ್ನೊಂದರಿಂದ ಎರಡರವರೆಗೆ ಸೀರೆಯನ್ನು ಷರತ್ತುಬದ್ಧವಾಗಿ ಬಿಡುಗಡೆ ಮಾಡಿದೆ, ಬೆಂಗಾವಲಿಗೆ ಯಂಕೋಬ.

ಕುಬುಸದ ಮನೆಯಲ್ಲಿ ಯಂಕೋಬ ಹೆಂಗಸರ ನಡುವೆ ಕುರ್ಚಿ ಹಾಕಿಕೊಂಡು ಕೂತ. “ಯಾರವಾ ಇವ್ರು?” ಎಂದು ಅಕ್ಕ ಕೇಳಿದಳು.

“ಸೀರಿ ಕೂಡ ಬಂದಾರ,” ಎಂದರು ದಾನೇಶ್ವರಿ.

ಸೀರೆಯ ಕಡೆಯವರು ಎಂದು ತಿಳಿದು ಅವನಿಗೆ ಹೋಳಿಗೆ ಎರಡು ಜಾಸ್ತಿ ಹಾಕಿದರು. ಹಾಡು ಶುರುವಾಗುವುದು ತಡವಾಯಿತು. ಉಡಿ ತುಂಬುವ ಸರದಿ ಇನ್ನೂ ಬಂದಿರಲಿಲ್ಲ, ಗಡಿಯಾರ ಎರಡು ತೋರಿಸಿತು. ಯಂಕೋಬ ಕೈತೊಳೆದು ಬಂದು, ತಲೆ ತಗ್ಗಿಸಿ, “ಅಕ್ಕಾರ, ಟೈಮ್ ಆತ್ರಿ,” ಎಂದ. ದಾನೇಶ್ವರಿ ಒಳಗೆ ಹೋಗಿ ಸೀರೆ ಬಿಚ್ಚಿ, ಮಡಿಕೆ ಮಾಡಿ ಅವನ ಕೈಗಿಟ್ಟು, ಚೀಲದಲ್ಲಿ ತಂದಿದ್ದ ಲಾಲಬೀಯ ಸೀರೆ ಉಟ್ಟು ಬಂದು ದೀಪಿಕಾಳ ಉಡಿ ತುಂಬಿದರು. ಯಂಕೋಬನ ವರದಿ ಹೀಗಿತ್ತು: ‘ಸೆರಗಿನ ಮೇಲೆ ಅರಿಶಿನದ ಕಲೆ ಒಂದು. ಶುಭಕಾರ್ಯದ ಸ್ವರೂಪದ್ದು. ಆಕ್ಷೇಪಣೆ ಇಲ್ಲ.’

ಮರುದಿನವೇ ದಾನೇಶ್ವರಿ ವರ್ಗಾವಣೆ ಕೇಳಿದರು. ಇರಕಲ್ಲಗಡ ಆದರೂ ಸರಿ, ಇಟಗಿ ಆದರೂ ಸರಿ, ಈ ಕಪಾಟಿನಿಂದ ದೂರವಾದರೆ ಸಾಕು ಎಂದು ಬರೆದಿದ್ದರು. ಮೂರು ವಾರಕ್ಕೆ ಆದೇಶ ಬಂತು. ‘ಕಪಾಟು’ ಎಂಬ ಶಬ್ದವನ್ನಷ್ಟೇ ಓದಿದ್ದ ಮೇಲಧಿಕಾರಿಗಳು, ಕೋರಿಕೆಯನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಸದರಿಯವರನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಅವರದೇ ಮಲಗುವ ಕೋಣೆಗೆ ವರ್ಗಾಯಿಸಿದ್ದರು.

ಮಂಚದ ಬಾಜೂ ಒಂದು ಮೇಜು, ಒಂದು ಕುರ್ಚಿ, ಒಂದು ಸಂದರ್ಶಕರ ಪುಸ್ತಕ ಬಂದವು. ದಾನೇಶ್ವರಿ ಎರಡು ದಿನ ಅತ್ತರು. ಮೂರನೆಯ ದಿನ ಮೇಜು ಒರೆಸಿ ಕೂತರು. ಬಸ್ಸಿಗೆ ಓಡುವುದಿಲ್ಲ, ಬುತ್ತಿ ಕಟ್ಟುವುದಿಲ್ಲ. ಮೊಹರು ಒಡೆಯುವ ಕೆಲಸವೂ ಅವರಿಗೇ ಬಂದಿದ್ದರಿಂದ, ಹತ್ತಕ್ಕೆ ಎರಡು ನಿಮಿಷ ಇದ್ದಾಗ ಎದ್ದರೂ ಹಾಜರಿ ಸರಿಯಾಗಿಯೇ ಬೀಳುತ್ತಿತ್ತು. ಅಭಿಯಾನ ಶೇಕಡಾ ನೂರರಷ್ಟು ಯಶಸ್ವಿಯಾಗಿದೆ ಎಂದು ಓಬಳೆಪ್ಪನವರು ವರದಿ ಕಳಿಸಿದರು. ಗುರುಬಸವ ರಾತ್ರಿ ಪುಸ್ತಕದಲ್ಲಿ ಸಹಿ ಮಾಡಿ, ‘ಭೇಟಿಯ ಉದ್ದೇಶ’ ಎಂಬಲ್ಲಿ ‘ನಿದ್ದೆ’ ಎಂದು ಬರೆದು ಮಲಗುವುದು ರೂಢಿಯಾಯಿತು.

ಒಂದು ದಿನ ಮಧ್ಯಾಹ್ನ ಅವನು ಅಂಗಡಿಯಿಂದ ಬಂದು ಬಾಗಿಲಲ್ಲಿ ನಿಂತ.

“ನಂದೊಂದು ಬಿಳಿ ಅಂಗಿ ಬೇಕಾಗಿತ್ತು. ಲಗ್ನಕ್ಕ ಹೋಗೋದೈತಿ.”

ದಾನೇಶ್ವರಿ ಕನ್ನಡಕ ಸರಿಮಾಡಿಕೊಂಡರು. “ಅರ್ಜಿ ಕೊಡ್ರಿ.”

“ಯಾರ ಹೆಸರಿಗೆ ಬರೀಲಿ?”

“ನನ್ನ ಹೆಸರಿಗೆ. ಊಟದ ಹೊತ್ತು ಮುಗಿದ ಮ್ಯಾಲೆ ತಗೊಂಡು ಬರ್ರಿ.”

ಗುರುಬಸವ ತಲೆಯಾಡಿಸಿ, ಪೆನ್ನು ಕೇಳಲು ಲಾಲಬೀಯ ಮನೆಗೆ ಹೋದ.