ಕ್ಯಾಮೆರಾ ತಿರುಗಿಸತಕ್ಕದ್ದಲ್ಲ

ನಮ್ಮ ಪರವಾನಗಿ ಕಚೇರಿಯಲ್ಲಿ ಅರ್ಜಿದಾರರನ್ನು ತಲೆಕೆಳಗಾಗಿ ನಿಲ್ಲಿಸಿ ಭಾವಚಿತ್ರ ತೆಗೆಯಲಾಗುತ್ತದೆ. ಇದರ ಬಗ್ಗೆ ಹೊರಗಡೆ ಇಲ್ಲಸಲ್ಲದ ಮಾತು ಹಬ್ಬಿರುವುದರಿಂದ, ಇಲ್ಲಿನ ಗುಮಾಸ್ತನಾದ ನಾನು ನಡೆದದ್ದನ್ನು ನಡೆದ ಹಾಗೆ ತಿಳಿಸುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ಹೋದ ವರ್ಷ ಕಚೇರಿಯ ಕಂಪ್ಯೂಟರುಗಳಿಗೆಲ್ಲ ಮುಕ್ತ ತಂತ್ರಾಂಶ ಹಾಕಬೇಕೆಂದು ಮೇಲಿನಿಂದ ಆದೇಶ ಬಂತು. ಮುಕ್ತ ಎಂದರೆ ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಯಾರು ಬೇಕಾದರೂ ತಿದ್ದಬಹುದು. ಹಾಕಿದೆವು. ವೆಬ್‌ಕ್ಯಾಮ್ ಒಂದು ಬಿಟ್ಟು ಎಲ್ಲ ಚೆನ್ನಾಗಿತ್ತು. ಅದರ ಡ್ರೈವರ್, ಅಂದರೆ ಕ್ಯಾಮೆರಾದ ಮಾತನ್ನು ಕಂಪ್ಯೂಟರಿಗೆ ದಾಟಿಸುವ ತಂತ್ರಾಂಶದ ತುಂಡು, ಮನಸ್ಸು ಬಂದಾಗ ಕ್ಯಾಮೆರಾವೇ ಇಲ್ಲ ಎನ್ನುತ್ತಿತ್ತು. ವೈರು ಕಿತ್ತು ಮತ್ತೆ ಚುಚ್ಚಿದರೆ ಇದೆ ಎನ್ನುತ್ತಿತ್ತು, ಆದರೆ ಎದುರಿಗೆ ಕೂತವರನ್ನು ತಲೆಕೆಳಗಾಗಿ ತೋರಿಸುತ್ತಿತ್ತು.

ಸಾಹೇಬರು ಸುಮ್ಮನೆ ಕೂರುವವರಲ್ಲ. ಯಾರ ಮೇಲೆ ದೂರು ಕೊಡಬೇಕು ಎಂದು ಕೇಳಿದರು.

“ಇದಕ್ಕೆ ಮಾಲೀಕರು ಅಂತ ಯಾರೂ ಇಲ್ಲ ಸಾರ್. ಬಳಸೋರೇ ಸೇರ್ಕೊಂಡು ಮಾಡಿರೋದು. ಅವರ ಚರ್ಚಾ ತಾಣದಲ್ಲಿ ಬರೆದ್ರೆ ಯಾರಾದ್ರೂ ಉತ್ತರ ಕೊಡ್ತಾರೆ” ಎಂದರು ನಮ್ಮ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕನ್ನಡಕದ ಮೇಡಂ.

ಸಾಹೇಬರು “ಮಾನ್ಯರೇ” ಎಂದು ಶುರುಮಾಡಿ, ಉಲ್ಲೇಖ ಸಂಖ್ಯೆ ಹಾಕಿ, ಮೊಹರು ಒತ್ತಿ, ಪತ್ರವನ್ನು ತಾಣಕ್ಕೆ ಏರಿಸಿದರು. ಪ್ರಪಂಚದ ಯಾವ ಮೂಲೆಯವನೋ, ತನ್ನ ಮುಖದ ಬದಲು ಮೊಲದ ಚಿತ್ರ ಹಾಕಿಕೊಂಡವನು, ಒಂದೇ ಸಾಲಿನ ಉತ್ತರ ಬರೆದ: “ನನ್ನ ಹತ್ತಿರ ಸರಿಯಾಗೇ ಇದೆಯಲ್ಲ.”

ಇದನ್ನು ತಜ್ಞರ ಅಭಿಪ್ರಾಯವೆಂದು ಕಡತಕ್ಕೆ ಸೇರಿಸಲಾಯಿತು. ಡ್ರೈವರ್ ಸರಿಯಿದೆ ಎಂದಮೇಲೆ ದೋಷ ಯಾರಲ್ಲಿದೆ ಎಂಬುದು ಎಂಥವರಿಗೂ ಹೊಳೆಯುತ್ತದೆ. ಮರುದಿನವೇ ಗೋಡೆಯ ಮೇಲೆ ಪ್ರಕಟಣೆ ಬಿತ್ತು:

“ಭಾವಚಿತ್ರದ ವೇಳೆ ಅರ್ಜಿದಾರರು ಪಾದಗಳನ್ನು ಮೇಲ್ಮುಖವಾಗಿಟ್ಟು ಸಹಕರಿಸತಕ್ಕದ್ದು. ಚಪ್ಪಲಿ ಕಳಚತಕ್ಕದ್ದು. ಜೇಬಿನಿಂದ ಬಿದ್ದ ವಸ್ತುಗಳಿಗೆ ಕಚೇರಿ ಹೊಣೆಯಲ್ಲ. ಕ್ಯಾಮೆರಾ ತಿರುಗಿಸತಕ್ಕದ್ದಲ್ಲ.”

ಕಾಲು ಹಿಡಿಯಲು ಇಬ್ಬರು ಸಹಾಯಕರ ನೇಮಕವಾಯಿತು. ಇಬ್ಬರೂ ಸಾಹೇಬರ ಭಾವಮೈದುನರೇ ಆಗಿದ್ದದ್ದು ಕಾಕತಾಳೀಯ. ತಲೆಯಡಿಗೆ ಹಾಸಲು ಹಾಸಿಗೆ ಬಾಡಿಗೆಗೆ ಬಂತು, ಅದೂ ಸಾಹೇಬರ ಅತ್ತೆಮನೆಯಿಂದಲೇ. ಜನ ಮೊದಮೊದಲು ಗೊಣಗಿದರು, ಆಮೇಲೆ ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಬರತೊಡಗಿದರು.

ತಕರಾರು ತೆಗೆದವರು ಹಿಂದಿನ ಬೀದಿಯ ಕ್ಷೌರಿಕರೊಬ್ಬರೇ. ಗಿರಾಕಿಗಳ ಮುಂದೆ ಬಗ್ಗಿ ಬಗ್ಗಿ ಕತ್ತಿನ ಎಲುಬು ಸವೆದು, ಪಟ್ಟಿ ಕಟ್ಟಿಕೊಂಡಿದ್ದರು. ಕತ್ತಿನ ಮೇಲೆ ಭಾರ ಬಿದ್ದರೆ ಕೈ ಸ್ವಾಧೀನ ತಪ್ಪುತ್ತದೆ ಎಂದು ಡಾಕ್ಟರು ಹೆದರಿಸಿದ್ದರಂತೆ. ಇತ್ತ ಅಂಗಡಿಯ ಪರವಾನಗಿ ಆ ವಾರವೇ ಮುಗಿಯುತ್ತಿತ್ತು. ಹೊಸದು ಸಿಗದಿದ್ದರೆ ಶನಿವಾರ ಬೀಗ ಬೀಳುತ್ತಿತ್ತು. ಜೊತೆಗೆ ಅವರ ಹೆಂಡತಿಯೂ ಬಂದಿದ್ದರು.

“ಸಾರ್, ಆ ಕ್ಯಾಮೆರಾನೇ ಒಂಚೂರು ತಿರುಗಿಸಿಬಿಟ್ರೆ ಆಗಲ್ವಾ?” ಆಕೆ ಕೇಳಿದರು.

ಎಂಥಾ ಮಾತು! ಆದರೂ ಸಾಹೇಬರು ತಾಳ್ಮೆಯಿಂದ ವಿವರಿಸಿದರು. “ನೋಡೀಮ್ಮಾ, ಕ್ಯಾಮೆರಾ ಕಚೇರಿ ಆಸ್ತಿ. ಅದನ್ನ ಮುಟ್ಟೋಕೆ ಮೇಲಿನವರ ಅಪ್ಪಣೆ ಬೇಕು. ನಿಮ್ಮ ಯಜಮಾನ್ರು ನಿಮ್ಮ ಸ್ವಂತದವರು. ಯಾರನ್ನ ತಿರುಗಿಸೋದು ಸುಲಭ, ನೀವೇ ಹೇಳಿ.”

“ಇವರ ಕೈಯೇ ಹೋದ್ರೆ ಅಂಗಡಿ ಇಟ್ಕೊಂಡು ಏನು ಮಾಡ್ಲಿ ಸಾರ್?” ಎಂದು ಆಕೆ ಅತ್ತೇಬಿಟ್ಟರು. ನನಗೂ ಕರುಳು ಚುರುಕ್ ಎಂದಿತು. ಆದರೆ ಕರುಳಿಗೆ ಅರ್ಜಿ ನಮೂನೆಯಲ್ಲಿ ಜಾಗ ಕೊಟ್ಟಿಲ್ಲ.

ಕನ್ನಡಕದ ಮೇಡಂಗೆ ತಡೆಯಲಾಗಲಿಲ್ಲ. ಡ್ರೈವರಿನ ಒಳಗೆ ಕೈಹಾಕಿ ಎಲ್ಲೋ ಒಂದು ಸಾಲು ತಿದ್ದಿದರು ನೋಡಿ, ಪರದೆಯ ಮೇಲೆ ಎಲ್ಲವೂ ನೆಟ್ಟಗೆ! ಕ್ಷೌರಿಕರನ್ನು ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆದೇಬಿಟ್ಟರು. ಅವರ ಹೆಂಡತಿ ಮೇಡಂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಹಾಳಾಗಿ ಹೋಗಲಿ, ನಾನೂ ಒಳಗೊಳಗೇ ಖುಷಿಪಟ್ಟೆ.

ಫೋಟೋ ನೋಡಿ ಸಾಹೇಬರು ಮುಖ ಗಂಟಿಕ್ಕಿದರು. ಉಳಿದ ಅರ್ಜಿದಾರರ ಕೆನ್ನೆ ಊದಿ ಕೆಂಪಗಾಗಿದೆ, ಕಣ್ಣು ಹೊರಗೆ ಬಂದಿದೆ. ಇವರೊಬ್ಬರ ಮುಖ ಮಾತ್ರ ಮನುಷ್ಯರ ಮುಖದ ಹಾಗಿದೆ. ನಕಲಿಯಲ್ಲದೆ ಮತ್ತೇನು? ಅಷ್ಟರಲ್ಲಿ ಸಾಲಿನಲ್ಲಿದ್ದವರೂ ಜಗಳಕ್ಕೆ ಬಂದರು: “ನಾವೆಲ್ಲ ಉಲ್ಟಾ ನಿಂತಿಲ್ವಾ? ಇವರಿಗೇನು ಎರಡು ಕೊಂಬಿದೆಯಾ?” ತಮ್ಮ ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂದು ಭಾವಮೈದುನರು ಗೋಳಾಡಿದರು. ಸಂಜೆಯೊಳಗೆ ತಿದ್ದಿದ ಸಾಲನ್ನು ಅನಧಿಕೃತವೆಂದು ಘೋಷಿಸಿ ಅಳಿಸಲಾಯಿತು.

“ಯಾರು ಬೇಕಾದ್ರೂ ತಿದ್ದಬಹುದು ಅಂತ ಆದೇಶದಲ್ಲೇ ಇದೆಯಲ್ಲ ಸಾರ್?” ಎಂದರು ಮೇಡಂ.

“ಯಾರು ಬೇಕಾದ್ರೂ ತಿದ್ದಲಿ. ನೀವು ತಿದ್ದೋ ಹಾಗಿಲ್ಲ. ನೀವು ಸಿಬ್ಬಂದಿ.”

ಶುಕ್ರವಾರ ಕ್ಷೌರಿಕರು ಪಟ್ಟಿ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು, ಹಾಸಿಗೆಯ ಮೇಲೆ ತಲೆಯೂರಿದರು. ಡ್ರೈವರ್ ಕ್ಯಾಮೆರಾ ಇಲ್ಲ ಎಂದಿತು. ವೈರು ಕಿತ್ತು ಚುಚ್ಚಿ, ಮತ್ತೆ ಕಿತ್ತು ಚುಚ್ಚಿ, ಅದು ಇದೆ ಎನ್ನುವ ತನಕ ಅವರನ್ನು ಹಾಗೆಯೇ ಹಿಡಿದಿಡಲಾಯಿತು. ಪರವಾನಗಿ ಅಂದೇ ಸಿಕ್ಕಿತು. ಬಲಗೈಗೆ ಹಿಡಿದ ಜೋಮು ಮಾತ್ರ ಬಿಡಲೇ ಇಲ್ಲವಂತೆ. ಈಗ ಕತ್ತರಿ ಹಿಡಿಯುವುದು ಹೆಂಡತಿ. ಕ್ಷೌರಿಕರು ಪಕ್ಕದಲ್ಲಿ ನಿಂತು ಹೇಳಿಕೊಡುತ್ತಾರೆ.

ಮೊನ್ನೆ ತಪಾಸಣೆಗೆಂದು ಸಾಹೇಬರೂ ನಾನೂ ಆ ಅಂಗಡಿಗೆ ಹೋಗಿದ್ದೆವು. ಆಕೆ ಒಬ್ಬ ಗಿರಾಕಿಯ ಗಡ್ಡ ಹೆರೆಯುತ್ತಿದ್ದರು. ಸಾಹೇಬರು ಪರವಾನಗಿಯ ಫೋಟೋವನ್ನು ಕ್ಷೌರಿಕರ ಮುಖದ ಪಕ್ಕ ಹಿಡಿದು ನೋಡಿ, “ಹೋಲಿಕೆಯಾಗ್ತಿಲ್ಲ” ಎಂದರು.

ಕ್ಷೌರಿಕರು ಕತ್ತಿನ ಪಟ್ಟಿ ಬಿಚ್ಚಿದರು. ಗಿರಾಕಿ, ಯಾರೂ ಹೇಳದೆಯೇ, ಅರ್ಧ ಹೆರೆದ ಗಡ್ಡದಲ್ಲೇ ಎದ್ದು ಬಂದು ಒಂದು ಕಾಲು ಹಿಡಿದ. ಇನ್ನೊಂದನ್ನು ಹೆಂಡತಿ ಹಿಡಿದರು. ಕ್ಷೌರಿಕರ ಕೆನ್ನೆ ಊದತೊಡಗಿತು. ಸಾಹೇಬರು ಮೊಣಕಾಲೂರಿ ಕೂತು, ಕೆನ್ನೆ ಫೋಟೋದಷ್ಟು ಕೆಂಪಾಗುವುದನ್ನು ಕಾಯುತ್ತಾ ಪೆನ್ನು ಬಿಚ್ಚಿದರು.

“ಸ್ವಲ್ಪ ಬೇಗ ನೋಡಿ ಸಾರ್, ನೊರೆ ಒಣಗ್ತಾ ಇದೆ” ಎಂದ ಗಿರಾಕಿ.