ತಂತಿಯ ಮೇಲೆ ನಮ್ಮ ಭಾವನ ಗುಮಾನಿ

ನಮ್ಮ ಭಾವನಿಗೆ ಯಾರಾದರೂ ಕೈಮುಗಿದರೆ, ತಿರುಗಿ ಕೈಮುಗಿಯುವ ಮೊದಲು ಅವರು ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು! ಪುಕ್ಕಟೆ ಮಾವಿನಹಣ್ಣು ಕೊಟ್ಟರೆ ಹುಳ ಹುಡುಕುವರು. ಹುಳ ಸಿಗದಿದ್ದರೆ ಅನುಮಾನ ಇನ್ನಷ್ಟು ಹೆಚ್ಚುವುದು. ಅಕ್ಕನನ್ನು ನೋಡಲು ಬಂದ ದಿನವೇ, "ಹುಡುಗಿ ಛಲೋ ಅದಾಳ. ಮತ್ತ ನಮಗ್ಯಾಕ ಕೊಡ್ತೀರಿ?" ಎಂದು ನಮ್ಮಪ್ಪನನ್ನೇ ಕೇಳಿದ ಮಹಾನುಭಾವರು! ಕಿನ್ನಾಳದಲ್ಲಿ ಅವರು ಮರದ ಗೊಂಬೆ ಮಾಡುತ್ತಿದ್ದರು, ನಾನು ಅವನ್ನು ಕೊಪ್ಪಳ, ಗಂಗಾವತಿಯ ಸಂತೆಗಳಲ್ಲಿ ಮಾರುತ್ತಿದ್ದೆ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು.

ಆಗ ಅವರ ಮನೆಯಲ್ಲಿ ಒಂದೇ ಚಿಂತೆ. ಚೊಚ್ಚಲು ಕೂಸು ತೀರಿಕೊಂಡಾಗಿನಿಂದ ಅಕ್ಕನಿಗೆ ನಿದ್ದೆ ಹಾರಿಹೋಗಿತ್ತು. ಕಣ್ಣು ಗುಳಿಬಿದ್ದಿತ್ತು, ಒಲೆಯ ಮೇಲೆ ಏನಿಟ್ಟಿದ್ದೇನೆಂಬುದೂ ಅವಳಿಗೆ ನೆನಪಿರುತ್ತಿರಲಿಲ್ಲ. ವೈದ್ಯರು ಕಷಾಯ ಕೊಟ್ಟರು. ಭಾವ ಬಿಡುತ್ತಾರೆಯೇ? ಮೊದಲು ತಾವೇ ಕುಡಿದು ಪರೀಕ್ಷಿಸಿದರು. ಮರುದಿನ ಮಧ್ಯಾಹ್ನ ಎದ್ದವರೇ, "ಎಂಥಾ ಖರಾಬ್ ಔಷಧ! ಗಟ್ಟಿಮುಟ್ಟಾದ ನನ್ನನ್ನ ಕೆಡವಿತಲ್ಲೋ!" ಎಂದು ಉಳಿದುದನ್ನು ಅಂಗಳಕ್ಕೆ ಚೆಲ್ಲಿಬಿಟ್ಟರು.

ಅಷ್ಟರಲ್ಲಿ ಪಕ್ಕದ ಮನೆಗೆ ಸರ್ಕಾರಿ ಶಾಲೆಯ ಉರ್ದು ಮಾಸ್ತರರು ಬಂದರು. ಮಧ್ಯಾಹ್ನ ಉಂಡ ಮೇಲೆ ಅವರು ಸಿತಾರ್ ಹಿಡಿದು ಕೂಡುತ್ತಿದ್ದರು. ಮೊದಲ ದಿನ ಅಕ್ಕ ಅಕ್ಕಿ ಆರಿಸುತ್ತಿದ್ದಳು. ನೋಡುನೋಡುತ್ತಿದ್ದಂತೆ ಮೊರ ಮಡಿಲಲ್ಲಿದ್ದ ಹಾಗೆಯೇ ಗೋಡೆಗೊರಗಿ ನಿದ್ದೆ ಹೋದಳು! ನಾನು ಹಿಗ್ಗಿದೆ. ಭಾವ ಹುಬ್ಬು ಗಂಟಿಕ್ಕಿದರು.

"ಹಾಡಿಗೆ ಮಾತಿರಬೇಕು ನೋಡೋ. ಮಾತಿದ್ರ ಏನ್ ಹೇಳಾಕತ್ತೈತಿ ಅಂತ ತಿಳೀತೈತಿ. ಬರೀ ತಂತಿ ಏನ್ ಹೇಳತೈತೋ ಯಾರಿಗೆ ಗೊತ್ತು?"

"ಏನರ ಹೇಳ್ಲಿ ಬಿಡ್ರಿ ಭಾವಾ. ಅಕ್ಕಗ ನಿದ್ದಿ ಬಂತಲ್ಲ!"

"ಅದ ನನಗ ಸಂಶೇ. ಗಂಡ ನಾ ಕರದ್ರ ಬರದ ನಿದ್ದಿ ಅವರ ತಂತಿ ಕರದ್ರ ಹೆಂಗ ಬಂತು?"

ಸಂಜೆ ತನಿಖೆಗೇ ಹೊರಟರು. ಸಿತಾರಿನ ಬುರುಡೆಯನ್ನು ತಟ್ಟಿ, ಮೂಸಿ, ಕಿವಿಯಿಟ್ಟು ಕೇಳಿದರು.

"ಇದರೊಳಗ ಏನೈತ್ರಿ ಮಾಸ್ತರ?"

"ಗಾಳಿ ಐತಿ ಭಾಯಿ."

"ಎಂಥಾ ಗಾಳಿ?"

ಪಾಪ, ಮಾಸ್ತರರು ನಕ್ಕು, ಚಹಾ ತರಿಸಿದರು. ಭಾವ ಅದನ್ನೂ ಕುಡಿಯಲಿಲ್ಲ.

ಇನ್ನು ಗೊಂಬೆಗಳ ಪಾಡು ಕೇಳಿ. ಗೊಂಬೆಗೆ ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಓಣಿ ಸದ್ದಡಗಿದ ಮಧ್ಯಾಹ್ನವೇ ಅದಕ್ಕೆ ಹೊತ್ತು. ಸಿತಾರ್ ಶುರುವಾದ ಮೇಲೆ ಭಾವನ ಕುಂಚ ಎಂದೂ ಇಲ್ಲದಷ್ಟು ನಯವಾಗಿ ಓಡತೊಡಗಿತು. ಒಂದು ಗೆರೆಯೂ ಅಲುಗಲಿಲ್ಲ. ಆದರೆ ಕೊಪ್ಪಳದ ಸಂತೆಯಲ್ಲಿ ಗಂಟು ಬಿಚ್ಚಿದರೆ ಗೊಂಬೆ ಗೌರಮ್ಮರೆಲ್ಲ ಅರೆಗಣ್ಣು ಮುಚ್ಚಿದ್ದಾರೆ!

"ಏನ್ರೀ, ನಿಮ್ಮ ಗೌರಮ್ಮಗ ತೂಕಡಿಕಿ ಬಂದೈತಲ್ರಿ!" ಎಂದು ಒಬ್ಬ ಅಜ್ಜಿ ನಕ್ಕಳು. ನಕ್ಕು ಎರಡು ಕೊಂಡಳು. ಮುಂದಿನ ಸಂತೆಗೆ ತಾಯಂದಿರು ಹುಡುಕಿಕೊಂಡು ಬಂದರು. ತೊಟ್ಟಿಲ ಹತ್ತಿರ ಇಟ್ಟರೆ ಕೂಸು ಹಟ ಮಾಡುವುದಿಲ್ಲವಂತೆ! ಭಾವನಿಗೆ ಹೇಳಿದರೆ ಹಿಗ್ಗಬೇಕೋ ಬೇಡವೋ? "ನನ್ನ ಕೈ ನನ್ನ ಮಾತು ಕೇಳವಲ್ದು" ಎಂದು ಅಂದಿನಿಂದಲೇ ಕಿವಿಗೆ ಅರಳೆ ತುರುಕಿಕೊಂಡರು. ಗೌರಮ್ಮರು ಮತ್ತೆ ಕಣ್ಣರಳಿಸಿದರು, ಗಿರಾಕಿಗಳು ಮುಖ ತಿರುಗಿಸಿದರು. ಅಕ್ಕ ಮಾತ್ರ ದಿನಾ ಮಧ್ಯಾಹ್ನ ಹಾಯಾಗಿ ಮಲಗಿ ಮೈತುಂಬಿಕೊಳ್ಳುತ್ತಿದ್ದಳು.

ಮಳೆಗಾಲದ ಹೊತ್ತಿಗೆ ಮಾಸ್ತರರಿಗೆ ಕುಷ್ಟಗಿಗೆ ವರ್ಗವಾಯಿತು. ಸಾಮಾನಿನ ಬಂಡಿ ಓಣಿ ದಾಟಿದಾಗ, "ಅಂತೂ ಹೋತು ಪೀಡಾ" ಎಂದು ಭಾವ ಅರಳೆ ಕಿತ್ತೆಸೆದರು. ಆ ಮಧ್ಯಾಹ್ನ ಅಕ್ಕ ಮಲಗಿದಳು, ಹೊರಳಿದಳು, ಎದ್ದು ಕೂತಳು. ಮರುದಿನವೂ ಅಷ್ಟೆ. ಅವಳ ಕಣ್ಣು ಮತ್ತೆ ಗುಳಿಬೀಳತೊಡಗಿತು. ಭಾವ ಉಳಿ ಮಸೆಯುತ್ತ ಕೂತರು.

ಮುಂದಿನ ವಾರ ಗೊಂಬೆ ಒಯ್ಯಲು ಹೋದವನು ಬಾಗಿಲಲ್ಲೇ ನಿಂತೆ. ಭಾವನ ತೊಡೆಯ ಮೇಲೆ ಒಂದು ಸಿತಾರ್! ಗೊಂಬೆಯ ಹಗುರ ಮರದಲ್ಲಿ ತಾವೇ ಕೆತ್ತಿದ್ದರು. ಕೆಂಪು, ಹಸಿರು, ಮೈತುಂಬ ಬಳ್ಳಿ. ರಾಜರ ದರ್ಬಾರಿನಲ್ಲಿ ಇಡಬಹುದು, ಅಷ್ಟು ಚೆಂದ. ಆದರೆ ತಂತಿ ಬಿಗಿಯುವ ಗೂಟಗಳನ್ನು ಅದೇ ಮರದಲ್ಲಿ ಸೇರಿಸಿ ಕೆತ್ತಿದ್ದರಿಂದ ಅವು ತಿರುಗುವಂತಿರಲಿಲ್ಲ, ತಂತಿ ಸಡಿಲವಾಗಿಯೇ ಇತ್ತು. ಬೆರಳಿಡುವ ಮೆಟ್ಟಿಲುಗಳನ್ನಂತೂ ಹಳದಿ ಬಣ್ಣದಲ್ಲಿ ಬರೆದುಬಿಟ್ಟಿದ್ದರು! ಗೊಂಬೆಯವರು ಸಿತಾರ್ ಮಾಡಿದರೆ ಇನ್ನೇನಾದೀತು? ಭಾವ ಮೀಟುತ್ತಿದ್ದರು. ಅದು 'ಟಪ್, ಟಪ್' ಎನ್ನುತ್ತಿತ್ತು.

ಅಕ್ಕ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ರೆಪ್ಪೆ ಅದುರುತ್ತಿತ್ತು, ತುಟಿಯ ಅಂಚಿನಲ್ಲಿ ನಗೆ ತಡೆದುಕೊಂಡಿದ್ದಳು. ನಾನು ಒಳಗೆ ಹೋಗಿ ಭಾವನ ಕಿವಿಯಲ್ಲಿ ಹೇಳಿದೆ:

"ಅಕ್ಕ ಎಚ್ಚರ ಅದಾಳ್ರಿ. ನಾಟಕ ಮಾಡಾಕತ್ತಾಳ."

"ಗೊತ್ತೈತೋ. ನನ್ನ ಸಲುವಾಗಿ ಮಾಡಾಕತ್ತಾಳ" ಎಂದರು ಭಾವ, ಬೆರಳು ನಿಲ್ಲಿಸದೆ. "ಎಷ್ಟ ದಿನದ ಮ್ಯಾಲ ನಕ್ಕಾಳ ನೋಡು."

ನಾನೂ ಗೋಡೆಗೊರಗಿ ಕೂತೆ. ಎಷ್ಟೋ ಹೊತ್ತಿನ ಮೇಲೆ ಅಕ್ಕನ ರೆಪ್ಪೆಯ ಅದುರಾಟ ನಿಂತಿತು, ಕೈ ಸಡಿಲಾಗಿ ಚಾಪೆಯಿಂದ ಜಾರಿತು. ಅದು ನಿಜವೋ ನಾಟಕವೋ ಎಂದು ಭಾವ ಬಗ್ಗಿ ನೋಡಲಿಲ್ಲ.