ಬಹುವಚನದಲ್ಲಿ ಬೈಯಿರಿ

ಮಕ್ಕಳೇ, ನಿಮ್ಮ ದಹಿಸರ್ ಅಜ್ಜಿಗೆ ಬೈಗುಳವೆಂದರೆ ಪಂಚಪ್ರಾಣ! ಬೈಯುವುದಲ್ಲ, ಬೈಸಿಕೊಳ್ಳುವುದು. ಅವರು ನನ್ನವರ ಅಕ್ಕ, ನನಗೆ ಅತ್ತಿಗೆ. ಹೀಗೆ ಬರೆಯುತ್ತಿದ್ದೇನೆಂದು ತಿಳಿದರೆ ಸಿಟ್ಟಾಗುತ್ತಾರೆಯೇ? ಎಲ್ಲಿಯ ಸಿಟ್ಟು! ಇದನ್ನೂ ಪೋಸ್ಟ್ ಮಾಡುತ್ತಾರೆ.

ಮುಂಬೈ ಕನ್ನಡಿಗರ ಆನ್‌ಲೈನ್ ಗುಂಪೊಂದರಲ್ಲಿ ಅವರದು ದಿನಕ್ಕೊಂದು ಅಭಿಪ್ರಾಯ. ಒಮ್ಮೆ, "ಸಾಂಬಾರಿಗೆ ಬೆಲ್ಲ ಹಾಕದವರು ನಾಲಿಗೆಯನ್ನು ಬಾಡಿಗೆಗೆ ಕೊಟ್ಟವರು" ಎಂದು ಬರೆದರು. ಜನ ಸುಮ್ಮನಿರುತ್ತಾರೆಯೇ? ತನ್ನ ಫೋಟೋ ಇರಬೇಕಾದಲ್ಲಿ ಹುಲಿಯ ಚಿತ್ರ ಅಂಟಿಸಿಕೊಂಡ ಒಬ್ಬ, "ನಿನಗೇನು ಗೊತ್ತು ಮುದುಕಿ, ಬಾಯಿ ಮುಚ್ಚು" ಎಂದ. ನಾನಾಗಿದ್ದರೆ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂತುಬಿಡುತ್ತಿದ್ದೆ. ಅತ್ತಿಗೆ ಉತ್ತರಿಸಿದರು: "ಮುದುಕಿ, ಸರಿ. 'ನಿನಗೆ' ತಪ್ಪು. ಹಿರಿಯರಿಗೆ 'ನಿಮಗೆ'. ತಿದ್ದಿ ಪುನಃ ಬೈಯಿರಿ." ಐದು ನಿಮಿಷದಲ್ಲಿ ಹುಲಿ ಬರೆಯಿತು: "ನಿಮಗೇನು ಗೊತ್ತು ಮುದುಕಿಯವರೇ, ಬಾಯಿ ಮುಚ್ಚಿರಿ." ಅದಕ್ಕೆ ಇವರು ಲೈಕ್ ಒತ್ತಿದರು!

ಇನ್ನು ಲೋಕಲ್ ರೈಲಿನ ಲೇಡೀಸ್ ಡಬ್ಬಿ! ಫೋನಿಗೆ ಬಂದ ಬೈಗುಳಗಳನ್ನೆಲ್ಲ ಅಲ್ಲಿ ಗಟ್ಟಿಯಾಗಿ ಓದುವುದು, ಎದುರು ಕುಳಿತವಳು "ಕಾಯ್ ಮ್ಹಣತೋ ತೋ?" ಎಂದು, ಅವನೇನು ಹೇಳುತ್ತಾನೆಂದು ಕೇಳಿದರೆ ಮರಾಠಿಗೆ ತಿರುಗಿಸಿ ಹೇಳುವುದು.

"ಕತ್ತೆಗೆ ಮರಾಠಿಯಲ್ಲಿ ಎಂತ ಮಾರಾಯ್ತಿ? ಬಾಯಿಗೆ ಬರ್ತಾ ಇಲ್ಲ," ಎಂದು ಒಮ್ಮೆ ಪಕ್ಕದಲ್ಲಿದ್ದ ನನ್ನನ್ನು ಕೇಳಿದರು.

ನಾನು ಅವರ ಕಿವಿಯಲ್ಲಿ ಪಿಸುಗುಟ್ಟಿದೆ.

"ಜೋರು ಹೇಳು, ಕೇಳುವುದಿಲ್ಲ!"

"ಗಾಢವ್!" ಎಂದೆ. ಇಡೀ ಡಬ್ಬಿ ನನ್ನತ್ತ ತಿರುಗಿತು. ವಯಸ್ಸಾದವರಿಗೆ ಹೀಗೆ ಬೈಯುವುದೇ ಎಂದು ಒಬ್ಬಾಕೆ ನನಗೆ ಬುದ್ಧಿ ಹೇಳಿದಳು!

ಈ ಸಂಕ್ರಾಂತಿಗೆ ಮಾತ್ರ ಅತ್ತಿಗೆ ಬರೆದದ್ದೇ ಬೇರೆ: "ನಮ್ಮ ಮನೆಯ ಅರಿಶಿನ ಕುಂಕುಮಕ್ಕೆ ಗಂಡ ತೀರಿಹೋದವರನ್ನೂ ಕರೆಯುತ್ತೇನೆ." ಸುರಿಯಿತು ನೋಡಿ ಬೈಗುಳ! ಇವರು ಕನ್ನಡಕ ಏರಿಸಿ ಒಂದೊಂದನ್ನೂ ತಿದ್ದುತ್ತ ಕುಳಿತರು. ಅಷ್ಟರಲ್ಲಿ ಗುರುತಿನವರೇ ಯಾರೋ ಬರೆದರು: "ಹಾಗಾದರೆ ನಿಮ್ಮ ತಮ್ಮನನ್ನು ತಿಂದವಳನ್ನೇ ಮೊದಲು ಕೂರಿಸಿ."

ಬಹುವಚನ ಸರಿಯಾಗಿತ್ತು. ತಿದ್ದಲು ಏನೂ ಇರಲಿಲ್ಲ.

ಮಧ್ಯಾಹ್ನ ಅತ್ತಿಗೆ ಗೋರೆಗಾಂವಿನ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಚಪ್ಪಲಿ ಬಿಡುವ ಮೊದಲೇ, "ಪೋಸ್ಟ್ ಅಳಿಸಿದೆ ಮಾರಾಯ್ತಿ. ನನಗೆ ಎಷ್ಟು ಬೇಕಾದರೂ ಬೈಯಲಿ. ನಿನ್ನನ್ನು ಯಾಕೆ ಎಳೆಯಬೇಕು?" ಎಂದರು. ಎಂದೂ ಒಂದಕ್ಷರ ಅಳಿಸದವರು!

ನನ್ನವರು ಹೋದ ಮೇಲೆ ಅವರು ಪ್ರತಿ ಸಂಕ್ರಾಂತಿಗೆ ನನ್ನನ್ನು ಕರೆದದ್ದು, ನಾನು ಪ್ರತಿ ವರ್ಷ ಮೊಣಕಾಲು ನೋವೆಂದು ತಪ್ಪಿಸಿಕೊಂಡದ್ದು ಆ ಗುಂಪಿಗೇನು ಗೊತ್ತು?

"ಪುನಃ ಹಾಕಿ ಅಕ್ಕ," ಎಂದೆ. ಅವರು ಹಾಕಿದರು. ಅದರ ಕೆಳಗೆ, ಜೀವನದಲ್ಲಿ ಮೊದಲ ಬಾರಿಗೆ, ನನ್ನ ಹೆಸರಿನಲ್ಲಿ ನಾನೂ ಬರೆದೆ: "ಆ ತಮ್ಮನ ಹೆಂಡತಿ ನಾನು. ಬರುತ್ತೇನೆ." ಇಷ್ಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಹೋದೆ. ಇಬ್ಬರು ಎದ್ದು ಹೊರಟರು. ಉಳಿದವರು ಸರಿದು ಜಾಗ ಕೊಟ್ಟರು. ಅತ್ತಿಗೆ ಕುಂಕುಮದ ಬಟ್ಟಲು ಹಿಡಿದು ನನ್ನೆದುರು ಕುಳಿತರು. ಅಷ್ಟು ಜನಕ್ಕೆ ಉತ್ತರ ಬರೆದ ಬೆರಳು ನನ್ನ ಹಣೆ ಮುಟ್ಟುವಾಗ ಜಾರಿ, ಕುಂಕುಮ ಮೂಗಿನ ತುದಿಯವರೆಗೆ ಇಳಿಯಿತು. "ಅಯ್ಯೋ, ಒರೆಸಿಕೋ," ಎಂದರು, ತಮ್ಮ ಕಣ್ಣು ಒರೆಸಿಕೊಳ್ಳುತ್ತ.

ಮನೆ ಸೇರುವವರೆಗೂ ನಾನು ಒರೆಸಿಕೊಳ್ಳಲಿಲ್ಲ.